ಪಾದಕ್ಕೆ ಆಸರೆ

ನಡಿಗೆಯೆಂಬುದು ನಮಗೆಷ್ಟು ಸಹಜವಾದುದೆಂದರೆ, ಅದು ಕೆಡುವವರೆಗೆ ಅದರ ಕಡೆ ಲಕ್ಷ್ಯವೇ ಹೋಗುವುದಿಲ್ಲ. ಹೋದ ವರ್ಷ ಶಹಾಪುರದ ಬದಿಯ ಹತ್ತಿ ಹೊಲದಲ್ಲಿ ಕಸ ತೆಗೆಯುವ ದಿನಗಳಲ್ಲಿ ನಮ್ಮ ಅವ್ವನ ಬಲಗಾಲಿನ ಚಪ್ಪಲಿ ಮೇಲಿಂದ ಮೇಲೆ ಜಾರಿ ಬೀಳತೊಡಗಿತು. ಎರಡು ದಿನಗಳಲ್ಲಿ ಪಾದವನ್ನು ಎತ್ತುವುದೇ ಆಗದಾಯಿತು. ಮೆಟ್ಟಿಲು ಹತ್ತುವವರಂತೆ ಮೊಣಕಾಲನ್ನು ಎತ್ತಿ ಎತ್ತಿ ಇಡುವಳು. ಪಾದ ಟಪ್ಪೆಂದು ನೆಲಕ್ಕೆ ಬಡಿಯುವುದು. ಗಾಳಿ ಸೋಕಿದೆಯೆಂದು ಓಣಿಯವರು ಹೇಳಿದರು. ಈ ಲೇಖನಕ್ಕೆ ಅದೇ ಕಾರಣ. ನಾನು ವೈದ್ಯಶಾಸ್ತ್ರ ಓದಿದವನಲ್ಲ. ಡಾಕ್ಟರರಿಂದ ಕೇಳಿದುದನ್ನೂ ಅನಂತರ ಓದಿ ತಿಳಿದುದನ್ನೂ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊಣಕಾಲಿನ ಹೊರಮಗ್ಗುಲಲ್ಲಿ, ತುಸು ಕೆಳಗೆ, ಎಲುಬಿನ ಒಂದು ಗುಬುಟು ಕೈಗೆ ಹತ್ತುವುದು. ಪಾದವನ್ನೆತ್ತುವ ಸ್ನಾಯುಗಳ ನರವು ಅದನ್ನು ಬಳಸಿಕೊಂಡು ಚರ್ಮದ ಕೆಳಗೇ ಸಾಗುತ್ತದೆ. ತಾಸುಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತರೆ ಅದು ಅದುಮಿ ಸೋಲಬಹುದು. ಕುಷ್ಠರೋಗವೂ ಇದೇ ನರವನ್ನು ಹಿಡಿಯುವುದುಂಟು. ಆದುದರಿಂದ ಡಾಕ್ಟರರು ಸ್ಪರ್ಶವಿಲ್ಲದ ಮಚ್ಚೆಗಳಿವೆಯೇ ಎಂದು ಮೊದಲು ಪರೀಕ್ಷಿಸಿದರು, ಇರಲಿಲ್ಲ. ಇದ್ದರೂ ಅಂಜಬೇಕಾದುದಿಲ್ಲ, ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಪುಕ್ಕಟೆ ಔಷಧವಿದೆ.

ನರ ಚೇತರಿಸಿಕೊಳ್ಳುವವರೆಗೆ ಪಾದ ಜೋಲು ಬೀಳದಂತೆ ಹಿಡಿಯಲು ಒಂದು ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಆ ಜಂಬದಲ್ಲಿ ಅವ್ವನನ್ನು ಕರೆದುಕೊಳ್ಳದೆ, ಅಳತೆಯನ್ನೂ ಒಯ್ಯದೆ, ಯಾದಗಿರಿಯ ಒಂದು ಅಂಗಡಿಯಲ್ಲಿ ಚೀಟಿ ತೋರಿಸಿ ಸಿಕ್ಕಿದುದನ್ನು ತಂದೆನು. ಮೂರನೆಯ ದಿನ ಬಿಚ್ಚಿ ನೋಡಿದರೆ ಪಾದದ ಮೇಲ್ಭಾಗವನ್ನು ಪಟ್ಟಿ ಕೊರೆದು ಗಾಯವಾಗಿತ್ತು. ನರ ಸೋತ ಕಡೆ ಚರ್ಮವೂ ಜೋಮು ಹಿಡಿದಿರುತ್ತದೆ. ಪಾಪ, ಅವ್ವನಿಗೆ ನೋವೇ ತಿಳಿದಿರಲಿಲ್ಲ. ಪಟ್ಟಿ ಬಿಚ್ಚಿದಾಗಲೆಲ್ಲ ಕಾಲನ್ನು ಕಣ್ಣಿನಿಂದಲೇ ನೋಡಬೇಕು. ಕೆಂಪು ಗುರುತು ಅರ್ಧ ತಾಸಿನಲ್ಲಿ ಮಾಯದಿದ್ದರೆ ಪಟ್ಟಿಯನ್ನು ತಿದ್ದಿಸಬೇಕೆಂಬುದನ್ನು ಆಗ ಕಲಿತೆನು.

ಒಳ್ಳೆಯ ಪಟ್ಟಿಯನ್ನು ಕಾಲಿಗೆ ಪ್ಲಾಸ್ಟರಿನ ಅಚ್ಚು ತೆಗೆದು, ಕಾಯಿಸಿದ ಪಾಲಿಪ್ರೊಪಿಲೀನ್ ಹಾಳೆಯನ್ನು ಅದರ ಮೇಲೆ ಹೊದಿಸಿ ತಯಾರಿಸುತ್ತಾರೆ. ಮೀನಖಂಡದ ಹಿಂದಿನಿಂದ ಇಳಿದು ಅಂಗಾಲಿನ ಕೆಳಗೆ ಚಾಚಿರುತ್ತದೆ. ಪಾದ ಬರೀ ಜೋಲು ಬೀಳುವವರಿಗೆ ಹಿಂಭಾಗ ತೆಳುವಾಗಿ, ಎಲೆಯಂತೆ ಬಳುಕುವಂಥದು ಸಾಕು. ಲಕ್ವ ಹೊಡೆದು ಕಾಲು ಸೆಟೆದವರಿಗೆ ಬಳುಕದ ಗಟ್ಟಿ ಪಟ್ಟಿ ಬೇಕಾಗಬಹುದು. ಕೀಲಿರುವ ಮೂರನೆಯ ಬಗೆಯಲ್ಲಿ ಪಾದ ಮೇಲಕ್ಕೆ ಬಾಗುವುದು, ಕೆಳಕ್ಕೆ ಬೀಳದು. ಏರು ಹತ್ತುವವರಿಗೆ ಅನುಕೂಲ. ಆದರೆ ಇವೆಲ್ಲ ಬೂಟಿನೊಳಗೆ ಹಾಕಲು ಹುಟ್ಟಿದವು. ಚಪ್ಪಲಿ ಮೆಟ್ಟುವ, ಮನೆಯೊಳಗೆ ಬರಿಗಾಲಿನಲ್ಲಿರುವ ನಮ್ಮವರಿಗೆ ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಬೇಕು. ನಮ್ಮ ಬಿಸಿಲಿಗೆ ಒಳಗೊಂದು ಹತ್ತಿಯ ಕಾಲುಚೀಲವೂ ಬೇಕು.

ನಮ್ಮ ಸೋದರಮಾವನದು ಬೇರೆ ಕಥೆ. ಚಿಕ್ಕಂದಿನಲ್ಲಿ ಪೋಲಿಯೊ ಆದ ಅವರು ತೊಡೆಗೆ ಕೈಯೊತ್ತಿ ನಡೆಯುತ್ತಾರೆ. ಅವರಿಗೆ ತೊಡೆಯವರೆಗಿನ ಕಬ್ಬಿಣದ ಕ್ಯಾಲಿಪರ್ ಕೊಡಿಸಲಾಗಿತ್ತು: ಎರಡು ಸಲಾಕೆ, ಚರ್ಮದ ಪಟ್ಟಿಗಳು, ಮೊಣಕಾಲಿಗೆ ಬೀಗದ ಬಳೆ. ಭಾರದಿಂದಲೂ, ನೆಲದ ಮೇಲೆ ಊಟಕ್ಕೆ ಕೂಡಲಾಗದ ಸಂಕೋಚದಿಂದಲೂ ಅವರದನ್ನು ಗೂಟಕ್ಕೆ ತೂಗುಹಾಕಿದರು. ಈಗ ಹಗುರವಾದ ಪ್ಲಾಸ್ಟಿಕ್ಕಿನವು ಬಂದಿವೆ. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ ಕಂಡುದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತವೆಂಬ ಪ್ರಮಾಣಪತ್ರವೂ ದೊರೆಯಿತು. ಆದರೆ ಮಾವನಂಥವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅನೇಕರು ಇದನ್ನೇ ಜೈಪುರ ಕಾಲು ಎನ್ನುತ್ತಾರೆ; ಅದು ಕಾಲು ಕಳೆದುಕೊಂಡವರಿಗೆ ಜೋಡಿಸುವ ಕೃತಕ ಕಾಲು, ಇದು ಇದ್ದ ಕಾಲಿಗೆ ಆಸರೆ.

ಸೊಟ್ಟ ಪಾದದ ಕೂಸುಗಳಿಗೆ, ಪಾನ್ಸೆಟಿ ಪದ್ಧತಿಯಂತೆ ವಾರವಾರ ಪ್ಲಾಸ್ಟರ್ ಹಾಕಿ ತಿದ್ದಿದ ಮೇಲೆ, ಎರಡು ಪುಟ್ಟ ಬೂಟುಗಳನ್ನು ಅಡ್ಡಪಟ್ಟಿಗೆ ಜೋಡಿಸಿ ತೊಡಿಸುತ್ತಾರೆ. ಮೂರು ತಿಂಗಳು ದಿನಕ್ಕೆ 23 ತಾಸು, ಆಮೇಲೆ ಸುಮಾರು ನಾಲ್ಕು ವರ್ಷದವರೆಗೆ ಮಲಗುವಾಗ. ಕೂಸು ಅಳುತ್ತದೆಂದು ಬಿಚ್ಚಿಟ್ಟರೆ ಪಾದ ಮತ್ತೆ ಸೊಟ್ಟಗಾಗುವುದು.

ನಮ್ಮ ಕಬಡ್ಡಿ ಮಿತ್ರರಿಗೂ ಒಂದು ಮಾತು. ಕಾಲು ಉಳುಕಿದಾಗ ಸಾಮಾನ್ಯವಾಗಿ ಪಾದ ಒಳಕ್ಕೆ ಮಗುಚಿ ಹೊರಮಗ್ಗುಲ ತಂತುಗಳಿಗೆ ಪೆಟ್ಟಾಗುತ್ತದೆ. ಎಲಾಸ್ಟಿಕ್ ಚೀಲ ತುಸು ಬಿಗಿ ಕೊಡಬಹುದು, ಮಗುಚುವುದನ್ನು ಹೆಚ್ಚು ತಡೆಯದು. ಲೇಸಿನಿಂದ ಬಿಗಿಯುವ ಅಥವಾ ಎರಡೂ ಮಗ್ಗುಲಿಗೆ ಗಟ್ಟಿ ಪಟ್ಟಿಯಿರುವ ಬಗೆ ತಡೆಯುತ್ತದೆ. ಸುರಪುರದ ಪಂದ್ಯದಲ್ಲಿ ಉಳುಕಿಸಿಕೊಂಡ ಗೆಳೆಯನೊಬ್ಬ ಅರಿಶಿನದ ಪಟ್ಟು ಹಾಕಿ ಮರುದಿನವೇ ಅಂಗಳಕ್ಕಿಳಿದು, ಮೂರು ವಾರ ಮೂಲೆ ಹಿಡಿದನು.

ಅವ್ವನನ್ನು ಕರೆದೊಯ್ದು ಅಳತೆ ಕೊಟ್ಟು ಬೇರೆ ಪಟ್ಟಿ ಮಾಡಿಸಿದೆವು. ನಾಲ್ಕು ತಿಂಗಳಲ್ಲಿ ಹೆಬ್ಬೆರಳು ಮೇಲಕ್ಕೆದ್ದಿತು. ಇನ್ನು ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂಡಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಅವ್ವ ನನ್ನನ್ನು ಕೇಳಿದಳು: “ಕುಂದರಬ್ಯಾಡ ಅಂತಾರ. ಕುಂದರದ ಕಸ ಹ್ಯಾಂಗ ತಗೀಬೇಕು ತಮ್ಮಾ, ಕೂಲಿ ಯಾರು ಕೊಡ್ತಾರ?” ಈ ಮುಂಗಾರಿಗೆ ಅವಳು ಮತ್ತೆ ಹೊಲಕ್ಕೆ ಹೋಗುತ್ತಿದ್ದಾಳೆ, ಒಂದು ಸಾಲು ಮುಗಿದೊಡನೆ ಎದ್ದು ನಿಲ್ಲುತ್ತಾಳೆ.