ನಾಯಿ, ಬೆಕ್ಕು ಇರುವ ಮನೆಗೆ ಎಂಥ ಗಿಡ? ಮಾಡಬೇಕಾದ್ದು, ಮಾಡಬಾರದ್ದು

ವನಗೂರು ಸುತ್ತಮುತ್ತಲ ಮನೆಯವರಿಗೆ, ತೋಟದವರಿಗೆ, ಹೋಂಸ್ಟೇ ನಡೆಸುವವರಿಗೆ

ಮಳೆ ಹಿಡಿದರೆ ನಮ್ಮಲ್ಲಿ ಹೂಕುಂಡಗಳೂ ಜಗಲಿ ಸೇರುತ್ತವೆ, ನಾಯಿಯೂ ಜಗಲಿ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಓಡಾಡಲು ಆಗದ ಮರಿಗೆ ಹಲ್ಲು ಹಾಕಲು ಸಿಗುವುದು ಪಕ್ಕದಲ್ಲಿರುವ ಗಿಡವೇ. ಚಿರತೆ ಭಯಕ್ಕೆ ರಾತ್ರಿ ಒಳಗೆ ಕೂಡಿ ಹಾಕಿದ ನಾಯಿಯದೂ ಇದೇ ಪಾಡು. ವಿಷವಾದರೆ ಸಕಲೇಶಪುರಕ್ಕೆ ಇಳಿಯಬೇಕು. ಅಲ್ಲಿ ಆಗದಿದ್ದರೆ ಇನ್ನೂ ಸುಮಾರು 40 ಕಿ.ಮೀ. ಆಚೆ ಹಾಸನದ ಪಶುವೈದ್ಯಕೀಯ ಕಾಲೇಜು. ಮರ ಬಿದ್ದು ರಸ್ತೆ ಕಟ್ಟಿದ ದಿನ ಅದೂ ಇಲ್ಲ. ಆದ್ದರಿಂದ ಗಿಡ ಕೊಳ್ಳುವಾಗ ಚೆಂದ ಆಮೇಲೆ ನೋಡಿ. ಪ್ರಾಣಿ ಅದನ್ನು ಅಗಿದು ನುಂಗಿದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ.

ಮಾಡಬಾರದ್ದು

ನಾಯಿ ಇರುವ ಮನೆಯಲ್ಲಿ ಸೈಕಾಸ್ ಇಡಬೇಡಿ. ಒಳಗೂ ಬೇಡ, ಅಂಗಳದಲ್ಲೂ ಬೇಡ. ನರ್ಸರಿಯಲ್ಲಿ ಸಾಗೋ ಪಾಮ್ ಎಂದು ಮಾರುವ ಗಿಡ ಇದೇ. ತಾಳೆ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ಎಲೆ, ಬೇರು, ಬೀಜ ಎಲ್ಲದರಲ್ಲೂ ಸೈಕಾಸಿನ್ ಎಂಬ ವಿಷವಿದೆ, ಬೀಜದಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದೆರಡು ಬೀಜ ಸಾಕು, ಎರಡು ಮೂರು ದಿನದೊಳಗೆ ನಾಯಿಯ ಲಿವರ್ ಕೈಕೊಡಬಹುದು. ಚಿಕಿತ್ಸೆ ಸಿಕ್ಕರೂ ಎಲ್ಲ ನಾಯಿಗಳೂ ಉಳಿಯುವುದಿಲ್ಲ.

ಬೆಕ್ಕು ಇರುವ ಮನೆಗೆ ಲಿಲ್ಲಿ ಹೂ ತರಬೇಡಿ. ಮದುವೆ ಮನೆಯ ಬೊಕೆಯಲ್ಲಿ ಬಂದರೂ ಬಾಗಿಲಲ್ಲೇ ಬಿಡಿ. ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಕಿಡ್ನಿ ಒಂದರಿಂದ ಮೂರು ದಿನದಲ್ಲಿ ಕೆಲಸ ನಿಲ್ಲಿಸಬಹುದು. ನಾಯಿಗೆ ಇಷ್ಟು ಕೇಡಿಲ್ಲ, ಬೆಕ್ಕಿಗೆ ಮಾತ್ರ ಇದು ಸಾವೇ.

ಮನಿಪ್ಲಾಂಟ್, ಡಿಫೆನ್‌ಬೇಕಿಯಾ, ಆಂಥೂರಿಯಂ, ಪೀಸ್ ಲಿಲ್ಲಿ, ಮಾನ್‌ಸ್ಟೆರಾ, ಅಗ್ಲೋನೆಮಾ ಇವನ್ನು ಬಾಯಿಗೆ ಎಟುಕುವ ಕಡೆ ಇಡಬೇಡಿ. ಇವೆಲ್ಲ ನಮ್ಮ ಕೆಸುವಿನ ಬಳಗ. ಪತ್ರೊಡೆ ಮಾಡುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಹುಣಸೆಹುಳಿ ಹಾಕಿ ಬೇಯಿಸದ ಕೆಸು ಗಂಟಲು ಹೇಗೆ ಕೆರೆಯುತ್ತದೋ, ಹಸಿ ಮನಿಪ್ಲಾಂಟ್ ಎಲೆ ಕಚ್ಚಿದ ನಾಯಿಗೂ ಹಾಗೆಯೇ ಆಗುತ್ತದೆ. ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದ ಕೂಡಲೇ ಅವು ನಾಲಿಗೆಗೆ, ಒಸಡಿಗೆ ಚುಚ್ಚಿಕೊಳ್ಳುತ್ತವೆ. ಜೊಲ್ಲು ಸುರಿಯುತ್ತದೆ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ, ಊಟ ಬಿಡುತ್ತದೆ. ಇದರಿಂದ ಜೀವ ಹೋಗುವುದು ಅಪರೂಪ, ಆದರೆ ಮಾತು ಬಾರದ ಪ್ರಾಣಿ ಪಡುವ ಯಾತನೆ ಸಣ್ಣದಲ್ಲ. ತಾರಸಿಯಿಂದ ತೂಗುಬಿಟ್ಟರೂ ಬಳ್ಳಿ ನೆಲಕ್ಕೆ ಇಳಿಯುವ ಮೊದಲೇ ಕತ್ತರಿಸಿ.

ಕಣಗಿಲೆ, ಅಡೇನಿಯಂ, ಕಾಡುಬಸಳೆ ಮೂರೂ ಹೃದಯಕ್ಕೆ ಪೆಟ್ಟು ಕೊಡುವ ಗಿಡಗಳು. ಪೂಜೆಗೆ ಕಣಗಿಲೆ ಬೇಕೇ ಬೇಕು ಎನ್ನುವವರು ಬೇಲಿಯಾಚೆ ಬೆಳೆಸಿ. ಸವರಿದ ಕೊಂಬೆಯನ್ನು ಅಂಗಳದಲ್ಲಿ ಒಣಗಲು ಬಿಡಬೇಡಿ, ಒಣಗಿದರೂ ವಿಷ ಹೋಗುವುದಿಲ್ಲ. ಅಗ್ನಿಶಿಖೆಯ ಗೆಡ್ಡೆಯನ್ನು ಚೆಂದದ ಹೂವಿನ ಆಸೆಗೆ ಕುಂಡಕ್ಕೆ ಹಾಕಬೇಡಿ, ಅದರಲ್ಲಿ ಕಾಲ್ಚಿಸಿನ್ ಇದೆ. ಉಮ್ಮತ್ತಿಯೂ ಬೇಡ, ಗಂಟೆಯಂತೆ ಕೆಳಮುಖವಾಗಿ ತೂಗುವ ಅದರ ದೊಡ್ಡ ಹೂವಿನ ಬಂಧುವೂ ಬೇಡ. ಲೋಳೆಸರ, ಸ್ನೇಕ್ ಪ್ಲಾಂಟ್ ತಿಂದರೆ ವಾಂತಿ, ಭೇದಿ ಆಗುತ್ತದೆ, ಎತ್ತರದಲ್ಲಿಡಿ.

ಈಗ ಜನ ಗಮನಿಸದ ಮಾತು. ಎಷ್ಟೋ ಸಲ ಕುಂಡದಲ್ಲಿ ವಿಷ ಇರುವುದು ಗಿಡದಲ್ಲಲ್ಲ, ಮಣ್ಣಿನಲ್ಲಿ. ಗುಲಾಬಿ ನಿರಪಾಯದ ಗಿಡ, ಆದರೆ ಅದರ ಬುಡಕ್ಕೆ ಹಾಕುವ ಹರಳು ಹಿಂಡಿ ನಿರಪಾಯವಲ್ಲ. ಸರಿಯಾಗಿ ಶಾಖ ಕೊಡದ ಹಿಂಡಿಯಲ್ಲಿ ರೈಸಿನ್ ಉಳಿದಿರುತ್ತದೆ. ಮೂಳೆಪುಡಿ ಜೊತೆ ಬೆರೆಸಿದರಂತೂ ನಾಯಿ ವಾಸನೆ ಹಿಡಿದು ಮಣ್ಣನ್ನೇ ಅಗೆದು ತಿನ್ನುತ್ತದೆ, ಆಮೇಲೆ ರಕ್ತಭೇದಿ. ಮನೆಯ ಕುಂಡಕ್ಕೆ ಹರಳು ಹಿಂಡಿ ಹಾಕಲೇಬೇಡಿ. ತೋಟಕ್ಕೆ ತಂದ ಚೀಲವನ್ನೂ ಬಾಯಿ ಕಟ್ಟಿ ಗೋದಾಮಿನಲ್ಲಿಟ್ಟು ಬಾಗಿಲು ಹಾಕಿ.

ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯೂ ಇದೇ ಸಾಲಿಗೆ ಸೇರುತ್ತದೆ. ಶನಿವಾರಸಂತೆ ಕಡೆಯ ತೋಟಗಳಲ್ಲಿ ಆಫ್ರಿಕನ್ ಬಸವನಹುಳದ ಹಾವಳಿ ಕಂಡ ಮೇಲೆ ಈ ಗುಳಿಗೆ ಎಲ್ಲರಿಗೂ ಗೊತ್ತು. ನಾಯಿಗೆ ಅದು ತಿಂಡಿಯಂತೆ ಕಾಣುತ್ತದೆ; ತಿಂದ ಕೆಲವೇ ಗಂಟೆಗಳಲ್ಲಿ ನಡುಕ ಬಂದು ಫಿಟ್ಸ್ ಬರುತ್ತದೆ. ಕುಂಡದ ಹುಳವನ್ನು ರಾತ್ರಿ ಟಾರ್ಚ್ ಹಿಡಿದು, ಕೈಗವಸು ಹಾಕಿ ಆರಿಸಿ. ಫೋರೇಟ್ ಹರಳಿಗೆ 2020ರ ಕೊನೆಯಿಂದಲೇ ದೇಶದಲ್ಲಿ ನಿಷೇಧವಿದೆ. ಹಳೆಯ ಪೊಟ್ಟಣ ಮೂಲೆಯಲ್ಲಿ ಉಳಿದಿದ್ದರೆ ಒಂದು ಚಿಟಿಕೆಯನ್ನೂ ಕುಂಡಕ್ಕೆ ಹಾಕಬೇಡಿ. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟವನ್ನೂ ಗಿಡದ ಬುಡಕ್ಕೆ ಸುರಿಯಬೇಡಿ. ಕೆಫೀನ್ ನಾಯಿಗೂ ಬೆಕ್ಕಿಗೂ ಆಗುವುದಿಲ್ಲ. ಚರಟವನ್ನು ಮುಚ್ಚಿದ ಗೊಬ್ಬರ ಗುಂಡಿಗೆ ಹಾಕಿ.

ಮಾಡಬೇಕಾದ್ದು

ಅರೇಕಾ ಪಾಮ್, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್, ಕ್ಯಾಲೇಥಿಯ, ಪೆಪರೋಮಿಯ, ಆಫ್ರಿಕನ್ ವಯಲೆಟ್ ಇವುಗಳಲ್ಲಿ ಯಾವುದನ್ನಾದರೂ ಧೈರ್ಯವಾಗಿ ತನ್ನಿ. ನಾಯಿಗೂ ಬೆಕ್ಕಿಗೂ ಇವು ವಿಷವಲ್ಲ. ತೀರಾ ಹೆಚ್ಚು ತಿಂದರೆ ಒಮ್ಮೆ ವಾಂತಿ ಆದೀತು, ಅಷ್ಟೆ. ಬೆಂಗಳೂರಿನ ಒಣ ಹವೆಗೆ ಅಂಚು ಸುಟ್ಟುಕೊಳ್ಳುವ ಕ್ಯಾಲೇಥಿಯ, ಬಾಸ್ಟನ್ ಫರ್ನ್ ನಮ್ಮ ಥಂಡಿಯ ಜಗಲಿಯಲ್ಲಿ ಹುಲುಸಾಗಿ ಬೆಳೆಯುತ್ತವೆ. ಮನಿಪ್ಲಾಂಟ್ ತೆಗೆದ ಜಾಗಕ್ಕೆ ಏನು ಎಂದು ಕೇಳುವವರಿಗೆ ನನ್ನ ಉತ್ತರ ಇವೆರಡೇ. ಫರ್ನ್ ಎಂಬ ಹೆಸರಿನಲ್ಲೇ ಮಾರುವ ಆಸ್ಪರಾಗಸ್ ಫರ್ನ್ ಮಾತ್ರ ಬೇಡ, ಅದರ ಕೆಂಪು ಹಣ್ಣು ಹೊಟ್ಟೆ ಕೆಡಿಸುತ್ತದೆ.

ಆರ್ಕಿಡ್ ಇಷ್ಟಪಡುವವರು ನರ್ಸರಿಯದ್ದನ್ನೇ ಕೊಳ್ಳಿ. ಪ್ರಾಣಿಗೆ ಅದು ತೊಂದರೆ ಮಾಡದು. ಬಿಸಿಲೆ ಕಾಡಿನ ಮರದಿಂದ ಸೀತಾಳೆ ದಂಡೆ ಕಿತ್ತು ತರಬೇಡಿ.

ಬೆಕ್ಕಿಗೆ ಹಸಿರು ಮೇಯುವ ಚಪಲ ಇದ್ದೇ ಇರುತ್ತದೆ. ಅದನ್ನು ಗದರುವ ಬದಲು ಅಗಲ ಬಾಯಿಯ ಕುಂಡದಲ್ಲಿ ಒಂದು ಹಿಡಿ ಗೋಧಿ ಬಿತ್ತಿ, ಗೇಣುದ್ದ ಬೆಳೆದಾಗ ಮುಂದಿಡಿ. ಜೋಳ ಬಿತ್ತಬೇಡಿ, ಎಳೆ ಜೋಳದ ಪೈರಿನಲ್ಲಿ ಸಯನೈಡ್ ಇರುತ್ತದೆಂದು ದನ ಸಾಕಿದವರಿಗೆಲ್ಲ ಗೊತ್ತು.

ನರ್ಸರಿಯಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರು ಕೇಳಿ, ಕುಂಡದ ಮೇಲೆ ಬರೆಸಿ. ಹೆಸರು ಹೇಳಲಾಗದ ಗಿಡ ಕೊಳ್ಳಬೇಡಿ. ಗೊಬ್ಬರಕ್ಕೆ ಎರೆಗೊಬ್ಬರ, ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಹೋಂಸ್ಟೇಯವರು ನಾಯಿ ಕರೆತರಬಹುದು ಎಂದು ಬೋರ್ಡ್ ಹಾಕುವ ಮೊದಲು ಜಗಲಿ, ಅಂಗಳದ ಗಿಡಗಳನ್ನು ಒಂದೊಂದಾಗಿ ನೋಡಿ. ಪೇಟೆಯಿಂದ ಬಂದ ನಾಯಿಗೆ ನಿಮ್ಮ ಅಂಗಳದ ಗಿಡಗಳೆಲ್ಲ ಹೊಸವು.

ಬಾಯಿ ಹಾಕಿದ್ದು ಕಂಡರೆ

ಬಾಯಲ್ಲಿ ಉಳಿದ ಚೂರು ತೆಗೆಯಿರಿ, ಒದ್ದೆ ಬಟ್ಟೆಯಿಂದ ನಾಲಿಗೆ, ಒಸಡು ಒರೆಸಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ. ಆ ಉಪ್ಪೇ ಪ್ರಾಣ ತೆಗೆಯಬಲ್ಲದು. ಎಣ್ಣೆಯನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ನಿಂತು ಪ್ರಾಣಿ ಎದ್ದು ಓಡಾಡಿದರೂ ಸುಮ್ಮನಿರಬೇಡಿ. ಸೈಕಾಸ್, ಲಿಲ್ಲಿ ಎರಡರಲ್ಲೂ ನಡುವೆ ಇಂಥ ಸುಳ್ಳು ಚೇತರಿಕೆ ಕಾಣುತ್ತದೆ, ಒಳಗೆ ಹಾನಿ ಮುಂದುವರಿದಿರುತ್ತದೆ. ತಿಂದ ಗಿಡದ ಒಂದು ರೆಂಬೆ, ಗೊಬ್ಬರವಾದರೆ ಅದರ ಚೀಲ, ತಿಂದ ಹೊತ್ತು, ಪ್ರಾಣಿಯ ತೂಕ ಇಷ್ಟನ್ನೂ ವೈದ್ಯರಿಗೆ ಒದಗಿಸಿ.

ಪಶು ವೈದ್ಯಕೀಯ ಸಹಾಯವಾಣಿ 1962. ಮಳೆಗೆ ಸಿಗ್ನಲ್ ಹೋಗುವ ಊರು ನಮ್ಮದು. ಆ ನಂಬರನ್ನೂ ನಿಮ್ಮ ಪಶುವೈದ್ಯರ ನಂಬರನ್ನೂ ದೊಡ್ಡದಾಗಿ ಬರೆದು ಇಂದೇ ಜಗಲಿಯ ಗೋಡೆಗೆ ಅಂಟಿಸಿ. ಮನೆಯಲ್ಲಿ ಯಾವ ಮೂಲೆಯಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಎಂಬುದನ್ನು ಮಕ್ಕಳಿಗೂ ಕೆಲಸದವರಿಗೂ ತೋರಿಸಿಡಿ.