ತಂಗಡಿ ಪೊದೆಯ ಬುಡದಲ್ಲಿ ಏನಿದೆ?

ಪ್ರಶ್ನೆ: ನಮ್ಮ ಮನೆ ಪಕ್ಕದ ಖಾಲಿ ಸೈಟನ್ನು ಪ್ರತಿ ಬೇಸಿಗೆ ಜೆಸಿಬಿ ತಂದು ಕೆರೆಸುತ್ತಾರೆ. ಮಳೆ ಬಿದ್ದ ಮೇಲೆ ಬರುವುದು ಬರೀ ಕಾಂಗ್ರೆಸ್ ಗಿಡ. ಮೂಲೆಯಲ್ಲಿ ಉಳಿದುಕೊಂಡ ತಂಗಡಿ ಪೊದೆಯ ಬುಡದಲ್ಲಿ ಮಾತ್ರ ಬಗೆಬಗೆಯ ಹುಲ್ಲು, ಒಂದೆರಡು ಬೇವಿನ ಸಸಿ ಕಾಣುತ್ತವೆ. ಇದೇಕೆ? ಬಂಜರು ನೆಲವನ್ನು ಪೊದೆಗಳೇ ಸರಿಮಾಡುತ್ತವೆ ಎನ್ನುವುದು ನಿಜವೇ?
– ಓದುಗರು, ಯಾದವಗಿರಿ, ಮೈಸೂರು

ಉತ್ತರ: ಮಣ್ಣಿನೊಳಗೆ ಮೊಳಕೆಯೊಡೆಯದೆ ಕಾಯುತ್ತಿರುವ ಜೀವಂತ ಬೀಜಗಳ ಒಟ್ಟು ಸಂಗ್ರಹವನ್ನು ವಿಜ್ಞಾನಿಗಳು ಬೀಜನಿಧಿ ಎನ್ನುತ್ತಾರೆ. ಅದರ ಬಹುಪಾಲು ಇರುವುದು ಮೇಲಿನ ಐದು–ಹತ್ತು ಸೆಂಟಿಮೀಟರ್ ಮಣ್ಣಿನಲ್ಲಿ. ಜೆಸಿಬಿ ಕೆರೆದು ಎಸೆಯುವುದೂ ಅದೇ ಪದರವನ್ನು. ಬೋಳಾದ ನೆಲಕ್ಕೆ ಮೊದಲು ನುಗ್ಗುವುದು ಕಾಂಗ್ರೆಸ್ ಗಿಡ. ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಹೂತುಹೋದ ಬೀಜ ವರ್ಷಗಟ್ಟಲೆ ಕಾಯಬಲ್ಲದು. ವರ್ಷ ವರ್ಷ ಕೆರೆಸುವುದೆಂದರೆ ಅದಕ್ಕೆ ಹಾಸಿಗೆ ಹಾಸಿಕೊಟ್ಟಂತೆ.

ಪೊದೆಯ ಬುಡದಲ್ಲಿ ನಡೆಯುವುದು ಬೇರೆ. ಗಾಳಿ ಪೊದೆಗೆ ತಗುಲಿ ನಿಧಾನವಾದಾಗ ಅದು ಹೊತ್ತು ತಂದ ಧೂಳೂ ಹುಲ್ಲಿನ ಬೀಜವೂ ಅಲ್ಲೇ ಬೀಳುತ್ತವೆ. ಹರಿಯುವ ಮಳೆನೀರು ತರಗಿಗೆ ತಡೆದು ನಿಂತು ಮಣ್ಣು ಬಿಟ್ಟು ಹೋಗುತ್ತದೆ. ನೆರಳಿನಿಂದ ತೇವ ಕೆಲವು ದಿನ ಹೆಚ್ಚು ಉಳಿಯುತ್ತದೆ. ಪಿಕಳಾರ ಬಂದು ಕೂತು ಹಿಕ್ಕೆ ಹಾಕುತ್ತದೆ, ಅದರೊಂದಿಗೆ ತಿಂದ ಹಣ್ಣಿನ ಬೀಜವೂ ಬೀಳುತ್ತದೆ. ತಂಗಡಿಯ ಸ್ವಂತ ಬೀಜದ ಸಿಪ್ಪೆ ಗಟ್ಟಿ, ಬಿದ್ದ ಕೂಡಲೇ ಎಲ್ಲವೂ ಮೊಳೆಯುವುದಿಲ್ಲ, ಉಳಿದವು ಬೀಜನಿಧಿಗೆ ಸೇರುತ್ತವೆ.

ಇದಕ್ಕೆ ನಮ್ಮ ಸೀಮೆಯದೇ ಅತ್ಯುತ್ತಮ ಸಾಕ್ಷಿ ಶ್ರೀಗಂಧ. ಅದರ ಕಪ್ಪು ಹಣ್ಣನ್ನು ಹಕ್ಕಿ ತಿಂದು ಪೊದೆಯ ಮೇಲೆ ಕೂರುತ್ತದೆ, ಬೀಜ ಬುಡಕ್ಕೆ ಬೀಳುತ್ತದೆ. ಗಂಧದ ಸಸಿ ತನ್ನ ಬೇರನ್ನು ಪಕ್ಕದ ಗಿಡಗಳ ಬೇರಿಗೆ ಕಚ್ಚಿಸಿ ನೀರು, ಲವಣ ಹೀರಿಕೊಂಡು ಬದುಕುವ ಅರೆಪರಾವಲಂಬಿ. ಆಡು, ದನಗಳಿಗೆ ಅದೆಂದರೆ ಇಷ್ಟ. ಆದ್ದರಿಂದ ಮುಳ್ಳುಪೊದೆ ಅದಕ್ಕೆ ಒಟ್ಟಿಗೇ ಆಸರೆಯ ಬೇರು, ನೆರಳು, ಬೇಲಿ ಮೂರೂ ಆಗುತ್ತದೆ. ಕಾಡಿನಲ್ಲಿ ಗಂಧದ ಸಸಿ ಪೊದೆಗಳ ನಡುವೆಯೇ ಏಳುವುದನ್ನು ಕಂಡ ಅರಣ್ಯದವರು, ಪೊದೆಯ ಬುಡ ಕೆದಕಿ ಗಂಧದ ಬೀಜ ಊರುವುದನ್ನೇ ಒಂದು ಪದ್ಧತಿ ಮಾಡಿಕೊಂಡರು. ಪೊದೆ ಕಡಿದು ಗುಂಡಿ ತೋಡಿ ನೆಡುವುದಕ್ಕಿಂತ ಇದು ಎಷ್ಟು ಅಗ್ಗ, ಎಷ್ಟು ಸೂಕ್ಷ್ಮ!

ನಿಜವಾದ ಮರುಭೂಮಿಯಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಚೀನಾದ ಟೆಂಗರ್ ಮರುಭೂಮಿಯ ಅಂಚಿನ ಶಾಪೊತೌ ಎಂಬಲ್ಲಿ ರೈಲುಹಳಿಯನ್ನು ಮರಳಿನಿಂದ ಕಾಪಾಡಲು 1956ರಲ್ಲಿ ಕೆಲಸ ಶುರುವಾಯಿತು. ಒಣಹುಲ್ಲನ್ನು ಒಂದೊಂದು ಮೀಟರಿನ ಚೌಕಗಳಾಗಿ ಮರಳಿಗೆ ಸಿಕ್ಕಿಸಿ, ನಡುವೆ ಬರ ತಡೆಯುವ ಪೊದೆಗಳನ್ನು ನೆಟ್ಟರು. ದಶಕಗಳಲ್ಲಿ ಮರಳಿನ ಮೇಲೆ ಪಾಚಿ, ಕಲ್ಲುಹೂವುಗಳ ತೆಳು ಪೊರೆ ಕಟ್ಟಿತು, ಯಾರೂ ಬಿತ್ತದ ಸಣ್ಣ ಗಿಡಗಳು ತಾವಾಗಿ ಬಂದವು.

ಆದರೆ ಬೀಜನಿಧಿಯಿಂದ ಎಲ್ಲವನ್ನೂ ನಿರೀಕ್ಷಿಸಬಾರದು. ಅದರಲ್ಲಿ ಹೆಚ್ಚಾಗಿ ಉಳಿಯುವುದು ಹುಲ್ಲು ಮತ್ತು ಒಂದು ವರ್ಷದ ಸಣ್ಣ ಗಿಡಗಳ ಬೀಜ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ನೀವು ಕಂಡ ಸಸಿಗಳು ಹಳೆಯ ಸಂಗ್ರಹದವಲ್ಲ, ಹಕ್ಕಿಗಳು ಆಗಷ್ಟೇ ತಂದವು. ಸುತ್ತ ತಾಯಿಮರವಿಲ್ಲದಿದ್ದರೆ ಪೊದೆ ಎಷ್ಟಿದ್ದರೂ ಮರ ಬರುವುದಿಲ್ಲ. ಎಲ್ಲ ಪೊದೆಗಳೂ ಒಂದೇ ಅಲ್ಲ. ಲಂಟಾನ ಒತ್ತಾಗಿ ಹಬ್ಬಿದ ಕಡೆ ಬಿಸಿಲು ಸಿಗದೆ ಹುಲ್ಲು ಸಾಯುತ್ತದೆ, ಹೊಸ ಬೀಜ ಸೇರದೆ ನಿಧಿಯೂ ಬರಿದಾಗುತ್ತದೆ. ಬಳ್ಳಾರಿ ಜಾಲಿಯದೂ ಅದೇ ಕಥೆ. ತಂಗಡಿ, ಬಂದರೆ, ಕಾರೆ, ಕವಳೆಯಂಥ ನಮ್ಮ ನೆಲದ ಪೊದೆಗಳು ನಡುನಡುವೆ ಜಾಗ ಬಿಟ್ಟು ಬೆಳೆದಾಗಲೇ ಈ ಉಪಕಾರ.

ಇಸ್ರೊದ ಬಾಹ್ಯಾಕಾಶ ಅನ್ವಯ ಕೇಂದ್ರ 2016ರಲ್ಲಿ ಪ್ರಕಟಿಸಿದ ಅಟ್ಲಾಸ್ ಪ್ರಕಾರ ಕರ್ನಾಟಕದ ಸುಮಾರು ಶೇ 36ರಷ್ಟು ಭೂಮಿ ಅವನತಿಗೆ ಒಳಗಾಗಿತ್ತು. ಹೀಗಿದ್ದೂ ಕುರುಚಲು ಕಾಡನ್ನು ಪಾಳು ಎಂದು ಬರೆದು, ಸಸಿ ನೆಡುವ ಹೆಸರಿನಲ್ಲಿ ಬೋಳಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೀವೇ ಪರೀಕ್ಷಿಸಿ ನೋಡಬಹುದು. ಮುಂಗಾರಿಗೆ ಮುಂಚೆ ಪೊದೆಯ ಬುಡದಿಂದಲೂ ಬಯಲಿನಿಂದಲೂ ಐದು ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಒಂದೇ ಅಳತೆಯಲ್ಲಿ ತೆಗೆದು, ಎರಡು ತಟ್ಟೆಗಳಲ್ಲಿ ತೆಳುವಾಗಿ ಹರಡಿ, ದಿನಾ ನೀರು ಚಿಮುಕಿಸಿ. ಎರಡು ತಿಂಗಳು ಮೊಳೆತದ್ದನ್ನು ಗುರುತಿಸಿ, ಎಣಿಸಿ, ಕಿತ್ತುಹಾಕಿ. ಆ ಎರಡು ತಟ್ಟೆಗಳನ್ನು ಸೈಟಿನ ಮಾಲೀಕರಿಗೆ ತೋರಿಸಿ. ಈ ಸಲ ಜೆಸಿಬಿ ಬೇಡ, ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ ಕೈಗವಸು ಹಾಕಿಕೊಂಡು ಕಿತ್ತರೆ ಸಾಕು ಎಂದು ಕೇಳಿಕೊಳ್ಳಿ.