ಇಂದಿನ ಧಮ್ಮ ಚಿಂತನೆ: ಮೆಜೆಸ್ಟಿಕ್‌ನಲ್ಲಿ ಬಂದ ಪ್ರಶ್ನೆ

 

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆ ಇತ್ತು. ಧರ್ಮಾ ಜಲಾಶಯದ ಪಕ್ಕದ ಮಳಗಿಯವರಾದ ನಮಗೆ ಆ ಹೆಸರು ಹತ್ತಿರದ್ದೇ ಅನಿಸುತ್ತದೆ. ನಮ್ಮದರಲ್ಲಿ ಇನ್ನೂ ನೀರಿದೆ. ಅಲ್ಲಿ ಕೆರೆ ಹೋಗಿ ಬಸ್ಸು ಬಂದವು, ಈಗ ನೆಲದಡಿ ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣವಿದೆ. 2017ರಲ್ಲಿ ಹಸಿರು ಮಾರ್ಗದ ಸುರಂಗ ತೆರೆದ ಮೇಲೆ ಎರಡು ಮಾರ್ಗದ ಜನ ಅಲ್ಲಿ ರೈಲು ಬದಲಿಸುತ್ತಾರೆ. ಹಸಿರು ಕೆಳಗೆ, ನೇರಳೆ ಮೇಲೆ. ಇನ್ನೊಂದು ಟಿಕೆಟ್ ಬೇಡ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ನನ್ನನ್ನು ಮಾತ್ರ ಒಬ್ಬರು ಕೇಳಿದರು. ವಿಧಾನಸೌಧದ ಮುಂದಿನ ಬಾಬಾಸಾಹೇಬರ ಪ್ರತಿಮೆ ನೋಡಲು ಹೊರಟಿದ್ದೆ. ಯಶವಂತಪುರದಲ್ಲಿ ಬಸ್ಸಿಳಿದು ಹಸಿರು ರೈಲು ಹಿಡಿದು ಬಂದು, ನೇರಳೆಗೆ ಹತ್ತುವಾಗ ಪಕ್ಕದಲ್ಲಿದ್ದ ಹಿರಿಯರು ನನ್ನ ಮಾತಿನ ಧಾಟಿ ಗುರುತಿಸಿದರು.

“ಯಾವೂರ್ರಿ?”

“ಮಳಗಿ.”

“ನಮ್ಮದು ಹಾನಗಲ್ಲ ಕಡೆ. ನಿಮ್ಮ ಡ್ಯಾಮಿನ ನೀರಾಗ ನಮ್ಮ ಗದ್ದಿ ಐತಿ! ಅಡ್ಡಹೆಸರೇನ್ರಿ?”

ಅಡ್ಡಹೆಸರು ಯಾಕೆ ಕೇಳುತ್ತಾರೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನು “ಪಾಟೀಲ” ಅಂದುಬಿಟ್ಟೆ. ಅವರು “ಬರ್ರಿ ಗೌಡ್ರ, ಒಮ್ಮೆ ಮನಿಗೆ” ಎಂದು ಫೋನ್ ನಂಬರ್ ಕೊಟ್ಟು ಹೋದರು. ಎರಡು ನಿಲ್ದಾಣ ದಾಟುವಷ್ಟರಲ್ಲಿ ರೈಲಿನೊಳಗೆ ‘ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ’ ಎಂದು ಕೂಗಿತು. ತಲೆ ಎತ್ತಲಾಗಲಿಲ್ಲ.

1901ರಲ್ಲಿ ಮಸೂರ್ ರೈಲು ನಿಲ್ದಾಣದಲ್ಲಿ ಬಾಲಕ ಭೀಮರಾಯರಿಗೂ ಇದೇ ಪ್ರಶ್ನೆ ಬಂದಿತ್ತು. ಕೋರೆಗಾಂವ್‌ನಲ್ಲಿದ್ದ ತಂದೆಯನ್ನು ಕಾಣಲು ಅಣ್ಣನ ಜೊತೆ ಹೊರಟಿದ್ದರು. ಒಳ್ಳೆಯ ಬಟ್ಟೆ ಕಂಡು ವಿಚಾರಿಸಿದ ಸ್ಟೇಷನ್ ಮಾಸ್ತರರಿಗೆ ಹಿಂದೆಮುಂದೆ ನೋಡದೆ ‘ಮಹಾರರು’ ಎಂದರು. ಮಾಸ್ತರರ ಮುಖವೇ ಬದಲಾಯಿತು. ಗಾಡಿಯವರು ಒಲ್ಲೆ ಎಂದರು. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಎತ್ತಿನಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ‘ವೇಯ್ಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆ ಮಗು ನಿಜ ಹೇಳಿ ಬೆಲೆ ತೆತ್ತಿತು. ನನಗೆ ತೆರಬೇಕಾದ ಬೆಲೆಯೇ ಇರಲಿಲ್ಲ, ರೈಲು ನನ್ನನ್ನು ಇಳಿಸುತ್ತಿರಲಿಲ್ಲ. ಸುಳ್ಳಿನಿಂದ ಸಿಕ್ಕಿದ್ದು ‘ಗೌಡ್ರ’ ಎಂಬ ಒಂದು ಮಾತು.

(ಬಾಡಿಗೆ ಕೋಣೆಗಾಗಿ ಅಡ್ಡಹೆಸರು ಮುಚ್ಚಿಡುವ ನಮ್ಮ ಹುಡುಗರನ್ನು ಇದೇ ಅಳತೆಯಲ್ಲಿ ಅಳೆಯಲಾರೆ. ಅವರಿಗೆ ರಾತ್ರಿ ಮಲಗಲು ಸೂರು ಬೇಕು.)

ಸುತ್ತನಿಪಾತದ ಸುಂದರಿಕ ಭಾರದ್ವಾಜ ಸುತ್ತದಲ್ಲಿ ಯಜ್ಞಶೇಷ ಕೊಡಲು ಬಂದ ಬ್ರಾಹ್ಮಣ ಬುದ್ಧರ ಜಾತಿ ಕೇಳುತ್ತಾನೆ. ತಥಾಗತರು ಸುಳ್ಳು ಹೇಳಲಿಲ್ಲ, ಶಾಕ್ಯ ಕುಲವನ್ನು ಮುಂದೆ ಮಾಡಲೂ ಇಲ್ಲ. ತಾನು ಬ್ರಾಹ್ಮಣನಲ್ಲ, ರಾಜಪುತ್ರನಲ್ಲ, ವೈಶ್ಯನಲ್ಲ ಎಂದರು. ಕೇಳಬೇಕಾದ್ದು ಹುಟ್ಟನ್ನಲ್ಲ, ನಡತೆಯನ್ನು ಎಂದು ಪ್ರಶ್ನೆಯನ್ನೇ ತಿದ್ದಿದರು. ಯಾವ ಕಟ್ಟಿಗೆಯಿಂದಲೂ ಬೆಂಕಿ ಹುಟ್ಟುತ್ತದಲ್ಲ ಎಂಬ ಹೋಲಿಕೆ ಬರುವುದು ಅಲ್ಲಿಯೇ. ನಾನು ‘ಬೌದ್ಧ’ ಎಂದಿದ್ದರೆ ಅದು ನಿಜವೂ ಆಗುತ್ತಿತ್ತು, ಉತ್ತರವೂ ಆಗುತ್ತಿತ್ತು. ಸುಳ್ಳು ಹೇಳೆನು ಎಂಬುದು ಪಂಚಶೀಲದಲ್ಲೂ ಇದೆ, 22 ಪ್ರತಿಜ್ಞೆಗಳಲ್ಲೂ ಇದೆ. ಎರಡನ್ನೂ ಬಾಯಿಪಾಠ ಮಾಡಿದವನೇ ನಾನು.

ಈ ಭಾನುವಾರ ಅದೇ ಸುತ್ತ ಓದೋಣ. ಆ ಹಿರಿಯರ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ಅಷ್ಟರೊಳಗೆ ಅವರ ಜೊತೆ ಮಾತಾಡಿರುತ್ತೇನೆ.